ಬಿಡಾರಗಳ ನಕ್ಷೆ

ಆ ಯಂತ್ರವನ್ನು ನಾನು ಮೊದಲು ನೋಡಿದ್ದು ದಾವಣಗೆರೆಯ ಮಂಡಿಪೇಟೆಯಲ್ಲಿ, ನಮ್ಮ ಕಟ್ಟಡದ ಮಾಲೀಕರ ಗಾದಿಯ ಮೇಲೆ. ಅಂಗೈಗಿಂತ ಸ್ವಲ್ಪ ಉದ್ದ, ಮೈಯೆಲ್ಲ ಕಪ್ಪು, ಬೂದು ಬಣ್ಣದ ಪುಟ್ಟ ಪರದೆ, ಆರೇಳು ಗುಂಡಿ. ಅವರ ಭಾಮೈದ ದುಬೈನಿಂದ ತಂದುಕೊಟ್ಟಿದ್ದನಂತೆ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಹಿಡಿದು, ಭೂಮಿಯ ಮೇಲೆ ನಾವು ಎಲ್ಲಿದ್ದೇವೆ ಎಂದು ಹೇಳುವ ಜಿಪಿಎಸ್ ಯಂತ್ರ. ಇವತ್ತು ಎಲ್ಲರ ಫೋನಿನೊಳಗೂ ಅದು ಕೂತಿದೆ, ಯಾರೂ ಬೆರಗಾಗುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಊರಿನಲ್ಲಿ ಅಂಥದ್ದು ಇನ್ನೊಂದು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಕೆಳಗೆ ಮಾಲೀಕರ ಅಕ್ಕಿ ಬೇಳೆಯ ಮಂಡಿ, ಮೇಲೆ ನನ್ನ ಕಂಪ್ಯೂಟರ್ ತರಗತಿ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದ ದಿನ ಕೀಬೋರ್ಡಿನ ಮೇಲೆಲ್ಲ ಮಸಿ. ಅವ್ವನ ಹಳೆಯ ಸೀರೆ ಹರಿದು ನಾಲ್ಕು ಕಂಪ್ಯೂಟರಿಗೂ ಮುಸುಕು ಹೊಲಿದಿದ್ದೆ. ಮದುವೆಯ ಮಾತೆತ್ತಿದವರನ್ನೆಲ್ಲ ಜಗಳವಾಡಿ ಓಡಿಸಿ, ಮೊಪೆಡ್ಡಿನಲ್ಲಿ ಊರು ಸುತ್ತುತ್ತಾ, ನನಗೆ ತಿಳಿಯದ ಯಂತ್ರ ಈ ಜಿಲ್ಲೆಗೆ ಬಂದಿಲ್ಲ ಎಂದು ಬೀಗುತ್ತಿದ್ದ ಕಾಲ ಅದು.

"ಟೀಚರ್ರೆ, ಇದನ್ನ ನೋಡ್ರಿ," ಎಂದರು ಮಾಲೀಕರು. ಭಾರಿ ಮೈಯವರು, ಗಾದಿಯಿಂದ ಏಳುವುದೆಂದರೆ ಅವರಿಗೆ ಒಂದು ಕಾರ್ಯಕ್ರಮ. "ಹಿತ್ತಲದಾಗೆ ಕುರ್ಚಿ ಹಾಕ್ಕೊಂಡು ಕುಂತೀನಿ, ತಾಸಿಗೆ ಎರಡು ಕಿಲೋಮೀಟರ್ ನಡೀತಿದೀಯ ಅಂತೈತೆ. ನಮ್ಮ ಡಾಕ್ಟ್ರಿಗೆ ತೋರಿಸ್ಬೇಕು ಇದನ್ನ. ದಿನಾ ನಡೀರಿ ನಡೀರಿ ಅಂತ ಪ್ರಾಣ ತಿಂತಾರ."

ಅದು ಯಂತ್ರದ ದೋಷವಲ್ಲ. ಉಪಗ್ರಹಗಳ ಒಡೆಯರು ಆಗ ಸಾಮಾನ್ಯ ಜನರಿಗೆ ಹೋಗುವ ಸಂಕೇತದಲ್ಲಿ ಬೇಕೆಂದೇ ಒಂದಿಷ್ಟು ತಪ್ಪು ಬೆರೆಸುತ್ತಿದ್ದರು, ಹಾಲಿಗೆ ನೀರು ಬೆರೆಸಿದ ಹಾಗೆ. ಆ ತಪ್ಪು ಗಳಿಗೆಗೊಮ್ಮೆ ಬದಲಾಗುತ್ತಿತ್ತು. ಹೀಗಾಗಿ ಕುಳಿತಲ್ಲೇ ಕುಳಿತವರೂ ಪರದೆಯ ಮೇಲೆ ಅತ್ತಿತ್ತ ಓಡಾಡುತ್ತಿದ್ದರು.

"ಭಾಮೈದ ಇದರಾಗ ನಕ್ಷೆ ಕಾಣ್ತೈತೆ ಅಂದಿದ್ದ. ಎಲ್ಲೈತೆ? ಬರೇ ಒಂದು ಚುಕ್ಕಿ ಐತೆ," ಎಂದರು ಮಾಲೀಕರು. "ನೀವು ಇಷ್ಟು ಓದಿದೋರು, ಒಂದು ನಕ್ಷೆ ತುಂಬಿಸಿ ಕೊಡ್ರಿ."

ಆಗಲಿ ಎಂದುಬಿಟ್ಟೆ. ನನಗೆ ಕೋಪ ಮೂಗಿನ ತುದಿಯಲ್ಲಾದರೆ ಮಾತು ನಾಲಿಗೆಯ ತುದಿಯಲ್ಲಿ. ಯೋಚನೆ ಮಾತ್ರ ಎಲ್ಲೋ ಹಿಂದಿನ ಬಸ್ಸಿಗೆ ಬರುತ್ತಿತ್ತು. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ತುಂಬಿಸಲು ನಕ್ಷೆಯೇ ಇಲ್ಲ ಎಂದು. ದಾವಣಗೆರೆ ಜಿಲ್ಲೆಯಾಗಿ ಹೆಚ್ಚು ದಿನವಾಗಿರಲಿಲ್ಲ, ನಾನು ಹೋದ ಕಚೇರಿಯ ಗೋಡೆಯ ಮೇಲೆ ಇನ್ನೂ ಚಿತ್ರದುರ್ಗವೇ ನೇತಾಡುತ್ತಿತ್ತು. ವಿವರವಾದ ನಕ್ಷೆ ಕೇಳಿದರೆ, ಹೆಣ್ಣುಮಗಳಿಗೆ ಅದೆಲ್ಲ ಯಾಕೆ ಎಂದು ಅಲ್ಲಿಯ ಗುಮಾಸ್ತರು ಕೇಳಿದರು. ಅವರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ದಾರಿ ತೋರಿಸಿದ್ದು ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ. ಅದರಲ್ಲಿ ಕಂಪ್ಯೂಟರಿನಿಂದ ಇಂಥ ಯಂತ್ರಕ್ಕೆ ಸ್ಥಳಗಳನ್ನು ಕಳಿಸುವ ಒಂದು ಪ್ರೋಗ್ರಾಮ್ ಇತ್ತು, ಇಡೀ ಜಗತ್ತಿನ ನದಿ ಮತ್ತು ರೈಲು ಹಳಿಗಳ ಒಂದು ನಕ್ಷೆಯೂ ಇತ್ತು. ಪ್ರೋಗ್ರಾಮಿನ ಜೊತೆ ಅದನ್ನು ಬರೆದವರ ಒಂದು ಓಲೆ: ಇದನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಮೂರು ಸಲ ಓದಿದೆ. ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೂ ನಾಲ್ಕು ಮಾತಾಡುವ ಓಣಿಯಲ್ಲಿ ಬೆಳೆದವಳು ನಾನು. ಯಾವುದೋ ದೇಶದಲ್ಲಿ ಕೂತು, ತಿಂಗಳುಗಟ್ಟಲೆ ಕಣ್ಣು ಹಾಳು ಮಾಡಿಕೊಂಡು ಬರೆದದ್ದನ್ನು, ಗುರುತಿಲ್ಲದ ನನ್ನ ಮಡಿಲಿಗೆ ಹಾಕಿ ಹೋದ ಆ ಪುಣ್ಯಾತ್ಮರನ್ನು ಈಗಲೂ ನೆನೆಯುತ್ತೇನೆ.

ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಕೇಬಲ್ಲು ಬೇಕಿತ್ತು. ಅದನ್ನು ಬೆಸೆದು ಕೊಟ್ಟವರು ನಮ್ಮ ಬೀದಿಯ ರೇಡಿಯೋ ರಿಪೇರಿ ಸಾಹೇಬರು. ಪ್ರೋಗ್ರಾಮ್ ಪುಕ್ಕಟೆ ಬಂದದ್ದು ಎಂದು ಕೇಳಿ, "ಅಷ್ಟು ದೂರದವ್ರು ಮುಫತ್ತಾಗಿ ಕೊಟ್ಟಾರಂದ್ರೆ ನಾನು ಮಜೂರಿ ತಗಂಡ್ರೆ ಮರ್ಯಾದಿ ಇರ್ತೈತೇನಮ್ಮ?" ಎಂದು ಕೇಬಲ್ಲನ್ನು ಕೈಗಿಟ್ಟರು.

ಆ ಯಂತ್ರಕ್ಕೆ ನಕ್ಷೆ ಎಂಬುದೇ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಎರಡೇ: ನಾವು ಗುರುತು ಮಾಡಿದ ಚುಕ್ಕಿ, ನಾವು ನಡೆದು ಬಂದ ದಾರಿ. ಹೀಗಾಗಿ ಒಂದು ಸುಳ್ಳು ಹೇಳಬೇಕಾಯಿತು. ತುಂಗಭದ್ರೆಯನ್ನೂ ರೈಲು ಹಳಿಯನ್ನೂ ನೂರಾರು ಚುಕ್ಕಿಗಳಾಗಿ ಒಡೆದು, ಇಗೋ ಇದು ನಾವು ನಡೆದು ಬಂದ ದಾರಿ ಎಂದು ಯಂತ್ರಕ್ಕೆ ಉಣಿಸಿದೆ. ಅದು ನಂಬಿತು. ಬೂದು ಪರದೆಯ ಮೇಲೆ ಹೊಳೆ ಮೂಡಿತು, ಅದನ್ನು ದಾಟಿ ಹಳಿ ಹಾಯಿತು. ನಾನು ಕುರ್ಚಿಯಿಂದ ಎದ್ದು ಕುಣಿದದ್ದನ್ನು ನನ್ನ ವಿದ್ಯಾರ್ಥಿಗಳು ಬಹಳ ದಿನ ಆಡಿಕೊಂಡರು.

ಭಾನುವಾರ ಮೊಪೆಡ್ಡಿನಲ್ಲಿ ಹರಿಹರಕ್ಕೆ ಹೋಗಿ ನೋಡಿದರೆ, ಸ್ಟೇಷನ್ನಿನ ಮುಂದೆ ನಿಂತ ನಾನು ಪರದೆಯ ಪ್ರಕಾರ ಹೊಳೆಯ ನಟ್ಟನಡುವೆ ಇದ್ದೆ. ಇಡೀ ಲೋಕವನ್ನು ಒಂದೇ ಸಿ.ಡಿ.ಗೆ ಹಿಡಿಸಿದವರಿಗೆ ಹರಿಹರದ ಹೊಳೆ ಒಂದು ಮೈಲಿ ಆಚೆಯೋ ಈಚೆಯೋ ಎಂಬುದು ದೊಡ್ಡದಾಗಿರಲಿಲ್ಲ.

ಅದೇ ಯಂತ್ರ ಹಿಡಿದು ಅಕ್ಕನ ಮನೆಗೆ ಹೋದೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹರಿಹರದಲ್ಲಿ ಗುಡಿಯ ಹಿಂದಿನ ಓಣಿಯಲ್ಲಿ ಮನೆ, ಕೊಕ್ಕನೂರಿನ ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ನರ್ಸು ಕೆಲಸ. ಬಸ್ಸು ಇಳಿದು ಗದ್ದೆ ಬದುವಿನ ಮೇಲೆ ನಡೆದೇ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಅವಳಿಗಾಗಿಯೇ ಹುಟ್ಟಿದ್ದು. ಎದುರು ಬಂದವರನ್ನೆಲ್ಲ ನಿಲ್ಲಿಸಿ, ಯಾವ ಊರು, ಯಾರ ಮನೆ, ಮಗು ಎಷ್ಟು ತಿಂಗಳದ್ದು, ಸೊಸೆ ತವರಿಂದ ಬಂದಳೇ ಎಂದು ಕೇಳುವವಳು. ಅವಳ ಜೊತೆ ಹರಿಹರದ ಪೇಟೆಯಲ್ಲಿ ನಡೆಯಲು ನನಗೆ ನಾಚಿಕೆಯಾಗುತ್ತಿತ್ತು, ನೂರು ಹೆಜ್ಜೆಗೆ ಅರ್ಧ ಗಂಟೆ.

ಆ ವರ್ಷ ಅಕ್ಕ ಮೊದಲಿನ ಅಕ್ಕ ಆಗಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಮಕ್ಕಳಿಗೆ ಪೋಲಿಯೋ ಹನಿ ಹಾಕುವ ದಿನ ಒಂದು ಕುರಿಗಾಹಿಗಳ ಬಿಡಾರ ಅವಳ ಕೈತಪ್ಪಿತ್ತು. ಅವಳು ಹೋಗುವಷ್ಟರಲ್ಲಿ ಅವರು ಹೊಳೆ ದಾಟಿ ಹೋಗಿದ್ದರು. ಮಳೆಗಾಲದಲ್ಲಿ ಆ ಬಿಡಾರದ ತಾಯಿಯೊಬ್ಬಳು ಮೂರು ವರ್ಷದ ಮಗಳನ್ನು ಹೊತ್ತುಕೊಂಡು ಅಕ್ಕನನ್ನು ಹುಡುಕಿ ಬಂದಳು. ಜ್ವರ ಬಂದು ಹೋದ ಮೇಲೆ ಮಗುವಿನ ಬಲಗಾಲು ಸೋತಿತ್ತು. ಅಕ್ಕ ಅವರನ್ನು ದಾವಣಗೆರೆಯ ಆಸ್ಪತ್ರೆಗೆ ತಾನೇ ಕರೆತಂದಳು. ಡಾಕ್ಟರು ತಲೆಯಲ್ಲಾಡಿಸಿದರು. ಅಂದು ನಮ್ಮ ಮನೆಗೆ ಬಂದ ಅಕ್ಕ ತಟ್ಟೆಯ ಮುಂದೆ ಕೂತು ಉಣ್ಣದೆಯೇ ಕೈ ತೊಳೆದು ಎದ್ದಳು. "ಆಕೆ ಒಂದು ಮಾತು ಬೈಲಿಲ್ಲ ಕಣೇ. ಬೈದಿದ್ರ ಚಲೋ ಇತ್ತು," ಎಂದಳು.

ಮುಂದಿನ ಸುತ್ತಿನಲ್ಲಿ ಒಂದು ಬಿಡಾರವೂ ತಪ್ಪಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು. ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

"ಇದರಾಗ ಕುರಿಯವ್ರ ಬಿಡಾರ ಹಾಕಾಕ ಬರ್ತೈತೇನೆ?"

"ಬಿಡಾರ ಯಾಕ, ಬೇಕಿದ್ರೆ ಅವರ ನಾಯಿನೂ ಹಾಕ್ತೀನಿ," ಎಂದೆ. ಅಕ್ಕನಿಗೆ ಉಪಯೋಗಕ್ಕೆ ಬರುತ್ತೇನೆ ಎಂಬ ಸಂತೋಷ ನಿಜವಾಗಿಯೂ ತುಂಬ ದೊಡ್ಡದಾಗಿತ್ತು. ಮಾಲೀಕರನ್ನು ಕೇಳಿದೆ. "ಇಟ್ಕೊಳ್ರಿ, ನನ್ನನ್ನಂತೂ ಎಷ್ಟು ನಡೆಸ್ಬೇಕೋ ಅಷ್ಟು ನಡೆಸೈತೆ," ಎಂದರು.

ಡಿಸೆಂಬರಿನಲ್ಲಿ ಭತ್ತದ ಕೊಯ್ಲು ಮುಗಿಯುತ್ತಾ ಬಂದಂತೆ ಕುರಿ ಹಿಂಡುಗಳು ಇಳಿದವು. ಹನಿ ಹಾಕುವ ಭಾನುವಾರಕ್ಕೆ ಮೂರು ದಿನ ಮೊದಲು ನಾನೊಬ್ಬಳೇ ಮೊಪೆಡ್ಡಿನಲ್ಲಿ ಆ ಕಡೆಯೆಲ್ಲ ಸುತ್ತಿದೆ. ನಾಲೆಯ ಉದ್ದಕ್ಕೂ ಗದ್ದೆಗಳಲ್ಲಿ ಕಂಬಳಿಯ ಗುಡಾರ, ಬಲೆ ಕಟ್ಟಿದ ದೊಡ್ಡಿ, ಗಂಟುಮೂಟೆ ಹೊರುವ ಕುದುರೆ ಕಂಡಲ್ಲೆಲ್ಲ ನಿಂತು ಗುಂಡಿ ಒತ್ತಿದೆ. ಯಂತ್ರದಲ್ಲಿ ಒಂದು ಜಾಗದ ಹೆಸರಿಗೆ ಆರೇ ಇಂಗ್ಲಿಷ್ ಅಕ್ಷರ ಹಿಡಿಸುತ್ತಿತ್ತು. ಕುರಿ ಒಂದು, ಕುರಿ ಎರಡು ಎಂದು ಕುರಿ ಐದರವರೆಗೂ ಬರೆದೆ. ಯಾರನ್ನೂ ಏನೂ ಕೇಳಲಿಲ್ಲ. ಯಂತ್ರ ಇರುವಾಗ ಕೇಳುವುದೇನು? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡುಹಗಲಲ್ಲೇ ಹಿಡಿದಿದ್ದೆ.

ಭಾನುವಾರ ಶಾಲೆಗಳಲ್ಲಿ ಹನಿ ಹಾಕಿದ್ದಾಯಿತು. ಸೋಮವಾರ ಮನೆ ಮನೆಗೆ, ಬಿಡಾರ ಬಿಡಾರಕ್ಕೆ ಹೋಗುವ ದಿನ. ತರಗತಿಗೆ ರಜೆ ಕೊಟ್ಟು ಬೆಳಿಗ್ಗೆಯೇ ಅಕ್ಕನನ್ನು ಹಿಂದೆ ಕೂರಿಸಿಕೊಂಡೆ. ಅವಳ ತೊಡೆಯ ಮೇಲೆ ಐಸ್ ತುಂಬಿದ ಲಸಿಕೆ ಡಬ್ಬಿ. ಐಸು ಕರಗಿದರೆ ಹನಿ ಕೆಟ್ಟ ಹಾಗೆ. ಮಂಗಳವಾರ ಕೆಲವು ಹಿಂಡುಗಳು ಹೊಳೆ ದಾಟುತ್ತವೆ ಎಂಬ ಸುದ್ದಿಯೂ ಅವಳ ಕಿವಿಗೆ ಬಿದ್ದಿತ್ತು. ದಾಟಿದರೆ ಅದು ಬೇರೆ ತಾಲ್ಲೂಕು, ಮತ್ತೆ ಹೋದ ವರ್ಷದ ಕಥೆಯೇ.

ನಾಲೆಯ ದಾರಿ ಒಂದು ಕಡೆ ಎರಡಾಗಿ ಕವಲೊಡೆಯುತ್ತದೆ. ಅಲ್ಲಿ ಒಂಟಿ ಮನೆಯೊಂದು ಕಂಡು ಅಕ್ಕ ಇಳಿದು, ಮಕ್ಕಳಿವೆಯೇ ನೋಡಿ ಬರುತ್ತೇನೆಂದು ಹೋದಳು. ಯಂತ್ರದ ಪರದೆಯ ಮೇಲೆ ಕುರಿ ಒಂದರ ಕಡೆಗಿನ ಬಾಣ ಎಡಕ್ಕೆ ತೋರಿಸುತ್ತಿತ್ತು. ಎಡದ ದಾರಿಗೆ ಅಡ್ಡಲಾಗಿ ಒಂದು ಜಾಲಿಯ ಮುಳ್ಳುಕಂಟಿ ಬಿದ್ದಿತ್ತು, ಅದಕ್ಕೊಂದು ಕೆಂಪು ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ಯಾವ ದರಿದ್ರದವರು ದಾರಿಯಲ್ಲಿ ಎಸೆದು ಹೋದರೋ ಎಂದು ಶಪಿಸುತ್ತಾ, ಅದನ್ನು ಎತ್ತಿ ನಾಲೆಯ ಕೆಳಗಿನ ಹಳ್ಳಕ್ಕೆ ಬಿಸಾಡಿದೆ. ಅಂಗೈಗೆ ಮುಳ್ಳು ಮುರಿಯಿತು. ಅಕ್ಕ ಬಂದು ಕೂತಳು, ಎಡಕ್ಕೆ ಹೊರಟೆವು.

ಕುರಿ ಒಂದರ ಜಾಗ ಬಂತು ಎಂದು ಯಂತ್ರ ಸದ್ದು ಮಾಡಿತು. ಗದ್ದೆಯಲ್ಲಿ ಮೂರು ಕಲ್ಲು, ಒಂದಿಷ್ಟು ಬೂದಿ, ಹಾಸಿದ ಹಾಗೆ ಕುರಿ ಹಿಕ್ಕೆ. ಒಂದು ನರಪಿಳ್ಳೆ ಇಲ್ಲ.

ನೂರು ಮೀಟರಿನ ತಪ್ಪು ಇರಬಹುದೆಂದು ಸುತ್ತಲೂ ನೋಡಿದೆ. ಗದ್ದೆ ಬಯಲು, ಮೈಲಿ ದೂರದ ಮನುಷ್ಯನೂ ಕಾಣುತ್ತಿದ್ದ. ಕುರಿ ಎರಡಕ್ಕೆ ಹೋದೆವು, ಅಲ್ಲೂ ಬೂದಿ. ಕುರಿ ಮೂರು, ಅಲ್ಲೂ ಅಷ್ಟೆ. ಹನ್ನೆರಡು ಗಂಟೆಯ ಬಿಸಿಲು ಏರಿತು. ಯಂತ್ರವನ್ನು ಬದುವಿಗೆ ಬಡಿಯಬೇಕೆಂಬಷ್ಟು ಸಿಟ್ಟು ಬಂತು. "ನಾಲ್ಕು ದಿನದ ಹಿಂದೆ ಇಲ್ಲೇ ಇದ್ರು, ನಾನೇ ಕಣ್ಣಾರೆ ನೋಡೀನಿ!" ಎಂದು ಕೂಗಿದೆ.

ಅಕ್ಕ ಡಬ್ಬಿಯನ್ನು ನೆರಳಿಗಿಟ್ಟು ನನ್ನನ್ನೇ ನೋಡಿದಳು.

"ನಾಲ್ಕು ದಿನ ಒಂದೇ ಹೊಲದಾಗೆ ಇರ್ತಾರೇನೆ? ಎರಡು ರಾತ್ರಿ, ಭಾಳ ಅಂದ್ರೆ ಮೂರು. ಗೊಬ್ಬರಕ್ಕಂತ ಒಬ್ಬರಾದ ಮ್ಯಾಲೆ ಒಬ್ಬರು ತಮ್ಮ ಹೊಲದಾಗೆ ಕುರಿ ನಿಲ್ಲಿಸ್ಕೊಳ್ತಾರ. ನಿಂಗೆ ಗೊತ್ತೈತೆ ಅನ್ಕಂಡಿದ್ದೆ."

ನನಗೆ ಗೊತ್ತಿರಲಿಲ್ಲ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನಾನು ಆ ಭತ್ತದ ಅನ್ನವನ್ನೇ ಉಣ್ಣುತ್ತಿದ್ದೆ. ಆದರೆ ಆ ಗದ್ದೆಗೆ ಗೊಬ್ಬರ ಹೇಗೆ ಬರುತ್ತದೆಂದು ಒಂದು ದಿನವೂ ಕೇಳಿರಲಿಲ್ಲ. ನಾನು ಅಚ್ಚುಕಟ್ಟಾಗಿ ಗುರುತು ಹಾಕಿಕೊಂಡು ಬಂದದ್ದು ಹಿಂಡು ಬಿಟ್ಟುಹೋಗುವ ಜಾಗಗಳನ್ನು.

ಅಕ್ಕ ಬೈಯಲಿಲ್ಲ. ಕುಕ್ಕರುಗಾಲಲ್ಲಿ ಕೂತು ನಾಲ್ಕು ಹಿಕ್ಕೆ ಹೆಕ್ಕಿ ಬೆರಳಲ್ಲಿ ಒತ್ತಿದಳು. "ಮೇಲೆ ಒಣಗೈತೆ, ಒಳಗ ಹಸಿ ಐತೆ. ನಿನ್ನೆ ಮುಂಜಾನೆ ಹೋಗ್ಯಾರ," ಎಂದಳು. ಎದ್ದು ಸೆರಗಿಗೆ ಕೈ ಒರೆಸಿಕೊಂಡು ಆಚೆ ಗದ್ದೆಯಲ್ಲಿ ಹುಲ್ಲು ಕಟ್ಟುತ್ತಿದ್ದ ಹೆಂಗಸಿನ ಹತ್ತಿರ ಹೋದಳು. ಆ ಹೆಂಗಸು ಹೊಲದ ಒಡತಿ. ತಮ್ಮ ಪಾಳಿ ಮುಗಿದ ಮೇಲೆ ಹಿಂಡನ್ನು ಯಾರು ಕರೆದುಕೊಂಡರೋ ಗೊತ್ತಿಲ್ಲ, ನೀರುಗಂಟಿಯನ್ನು ಕೇಳಿ ಎಂದಳು.

ನೀರುಗಂಟಿ ಎಂದರೆ ನಾಲೆಯ ತೂಬು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಬಿಡುವವನು. ಒಂದು ಮರದ ಕೆಳಗೆ ರೊಟ್ಟಿ ತಿನ್ನುತ್ತಿದ್ದ. ಅಕ್ಕನನ್ನು ನೋಡಿ ಎದ್ದು ನಿಂತ.

"ಬರ್ರಿ ನರ್ಸಮ್ಮಾರೆ, ಕೂಡ್ರಿ. ಕುರಿ ಏನ್ರಿ? ಕೊಯ್ಲು ಮುಗಿದಂಗೆಲ್ಲ ಕೆಳಗೆ ಇಳೀತಾವು. ಈಗ ಚಾನಲ್ಲಿನ ಬಾಲದಾಗೆ ಗದ್ದಿ ಖಾಲಿ ಆಗ್ಯಾವು, ಅಲ್ಲಿ ಎರಡು ಹಿಂಡು ಅದಾವು. ಇನ್ನೊಂದು ಹುಣಸಿ ಮರದ ಹೊಲದಾಗೆ ಐತೆ. ಅದು ನಾಳೆ ಹೊಳಿ ದಾಟ್ತೈತೆ."

ಆ ಮನುಷ್ಯನಿಗೆ ಓದು ಬರುತ್ತಿರಲಿಲ್ಲ. ಆದರೆ ಯಾರ ಗದ್ದೆಗೆ ಯಾವಾಗ ನೀರು ಹೋಯಿತು, ಯಾವಾಗ ಕೊಯ್ಲಾಯಿತು, ಯಾರು ಯಾವ ಹಿಂಡಿಗೆ ಮಾತು ಕೊಟ್ಟಿದ್ದಾರೆ, ಎಲ್ಲ ಅವನ ತಲೆಯಲ್ಲಿತ್ತು. ನಾಳೆ ಹಿಂಡು ಎಲ್ಲಿರುತ್ತದೆ ಎಂಬುದೂ ಇತ್ತು. ಅಕ್ಕ ಅವನ ಮಾತಿಗೆ ತನ್ನ ಲೆಕ್ಕ ಸೇರಿಸಿ, ಮೊದಲು ಹುಣಸೆ ಮರದ ಹೊಲ, ಆಮೇಲೆ ನಾಲೆ ಮುಗಿಯುವಲ್ಲಿನ ಬಾಲದ ಗದ್ದೆ ಎಂದು ದಾರಿ ಹೇಳಿದಳು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವಳು ನಾನು. ಎರಡು ತಿಂಗಳಿಂದ ಅಕ್ಕನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹುಣಸೆ ಮರದ ಹೊಲದಲ್ಲಿ ಗುಡಾರ ಕಂಡಾಗ ಅಕ್ಕನ ಕೈ ನನ್ನ ಭುಜದ ಮೇಲೆ ಬಿಗಿಯಿತು. ಹೋದ ವರ್ಷ ಕೈತಪ್ಪಿದ ಅದೇ ಬಿಡಾರ. ಮೊಪೆಡ್ಡಿನ ಸದ್ದಿಗೆ ಆ ತಾಯಿಯೇ ಎದ್ದು ಬಂದಳು. ತೋಳಲ್ಲಿ ಎರಡು ಮೂರು ತಿಂಗಳ ಗಂಡು ಕೂಸು. ಅಕ್ಕ ಇಳಿದವಳು ಇಳಿದಲ್ಲೇ ನಿಂತಳು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವ ನನ್ನ ಅಕ್ಕ ಲಸಿಕೆ ಡಬ್ಬಿಯ ಪಟ್ಟಿಯನ್ನು ಬಿಗಿ ಮಾಡುತ್ತಿದ್ದಳು.

ಆ ತಾಯಿ ನೆಟ್ಟಗೆ ಬಂದು ಕೂಸನ್ನು ಅಕ್ಕನ ಕೈಗೆ ಹಾಕಿದಳು. "ಮೊದ್ಲು ಇವಂಗೆ ಹಾಕು ಯಕ್ಕ," ಎಂದಳು.

ಅಕ್ಕ ಹನಿ ಹಾಕಿದಳು, ಒಂದು, ಎರಡು. ಕೂಸು ಮುಖ ಕಿವುಚಿತು. ಉಳಿದ ಮಕ್ಕಳು ಸಾಲಾಗಿ ಬಂದರು. ಹೆಣ್ಣುಮಗು ಮಾತ್ರ ಬರಲಿಲ್ಲ. ಬಲಗಾಲು ಚಾಚಿಕೊಂಡು ಕಂಬಳಿಯ ಗಂಟಿನ ಮೇಲೆ ಕೂತಿತ್ತು. ಅಕ್ಕ ತಾನೇ ಅಲ್ಲಿಗೆ ಹೋಗಿ, ಮೊಣಕಾಲೂರಿ ಕೂತು, ಅದಕ್ಕೂ ಎರಡು ಹನಿ ಹಾಕಿದಳು. ಎದ್ದು ಬಂದವಳ ಕಣ್ಣು ಒದ್ದೆಯಾಗಿತ್ತು.

"ಹ್ವಾದ ವರ್ಸ ನಿಂಗೆ ಹೇಳ್ದೆ ಹ್ವಾದ್ವಿ. ತಪ್ಪು ನಮ್ದೇ," ಎಂದಳು ಆ ತಾಯಿ. "ಅದ್ಕ ಈ ಸಲ ಕವಲಿನಾಗೆ ಕಂಟಿ ಹಾಕಿ ಬಂದಿದ್ದೆ, ಆ ಕಡಿಗೆ ನಾವಿಲ್ಲ, ಈ ಕಡಿಗೆ ಬಾ ಅಂತ. ನನ್ನ ಕುಪ್ಪಸದ ಬಟ್ಟಿ ಕಟ್ಟಿದ್ದೆ. ಕಂಟಿ ನೋಡಿ ಬಂದ್ಯಾ?"

"ಯಾವ ಕಂಟಿ?" ಎಂದಳು ಅಕ್ಕ.

ಅಂಗೈಯ ಮುಳ್ಳು ಒಮ್ಮೆಲೇ ಚುಚ್ಚಿದಂತಾಯಿತು. ಜಗತ್ತಿನ ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುವ ನನಗೆ ಆ ಹೆಂಗಸಿನ ಮುಖ ನೋಡುವ ಧೈರ್ಯ ಇರಲಿಲ್ಲ. ನಾಚಿಕೆ ತಡೆಯಲಾರದೆ ಮಗುವಿನ ಹತ್ತಿರ ಹೋಗಿ ಕೂತೆ. ಅದು ಯಂತ್ರಕ್ಕೆ ಕೈ ಚಾಚಿತು, ಕೊಟ್ಟೆ. ಏನಾದರೂ ಮಾತಾಡಬೇಕಲ್ಲ ಎಂದು ಪರದೆ ತೋರಿಸಿ, "ನೋಡು, ಈ ಚುಕ್ಕಿ ನೀನು. ಇದರಾಗ ನೀನು ನಡೀತಿದೀಯ," ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಗು ಪರದೆಯನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿತು.

ಬಾಲದ ಗದ್ದೆಯ ಎರಡು ಹಿಂಡುಗಳೂ ಸಿಕ್ಕವು. ಉಳಿದೆರಡನ್ನು ಕೇಳುತ್ತಾ ಕೇಳುತ್ತಾ ಹಿಡಿದೆವು. ಬಿಸಿಲು ಇಳಿಯುವಷ್ಟರಲ್ಲಿ ಐದೂ ಬಿಡಾರ ಮುಗಿದಿತ್ತು, ಡಬ್ಬಿಯಲ್ಲಿ ಇನ್ನೂ ಐಸು ಇತ್ತು.

ಹಿಂತಿರುಗುವಾಗ ಕವಲಿನಲ್ಲಿ ಮೊಪೆಡ್ಡು ನಿಲ್ಲಿಸಿ ಅಕ್ಕನಿಗೆ ಎಲ್ಲ ಹೇಳಿದೆ. ಹಳ್ಳದಲ್ಲಿ ಬಿದ್ದಿದ್ದ ಕಂಟಿಯನ್ನೂ ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಕೈ ತೋರ್ಸು," ಎಂದಳು. ಸೆರಗಿನ ಪಿನ್ನು ತೆಗೆದು ಮುಳ್ಳು ಕೀಳುತ್ತಾ ಹೇಳಿದಳು, "ದಾರಿಗೆ ಕಂಟಿ ಬಿದ್ದೈತಿ ಅಂದ್ರ ಯಾರೋ ಹಾಕ್ಯಾರ ಅಂತ. ಮುಳ್ಳು ತಾನಾಗೇ ನಡಕಂಡು ಬಂದು ಮಲಗಂಗಿಲ್ಲ."

ಅಷ್ಟೇ ಅವಳು ಬೈದದ್ದು. ಇವತ್ತಿಗೂ ನನಗೆ ಸಾಕಾಗುವಷ್ಟಿದೆ.

ಆ ವಾರವೇ ನಕ್ಷೆಯನ್ನು ಅಳಿಸಿ ಹೊಸದಾಗಿ ಕಟ್ಟಿದೆ. ಈ ಸಲ ಅಕ್ಕ ಹೇಳಿದಳು, ನಾನು ಬರೆದೆ. ಬಿಡಾರಗಳನ್ನು ಹಾಕಲೇ ಇಲ್ಲ. ಹಾಕಿದ್ದು ಯಾರನ್ನು ಕೇಳಿದರೆ ಗೊತ್ತಾಗುತ್ತದೋ ಅವರು ಸಿಗುವ ಜಾಗ: ನೀರುಗಂಟಿ ರೊಟ್ಟಿ ತಿನ್ನುವ ಮರ, ಕುರಿಯವರು ಜೋಳ ಬೀಸಿಸಲು ಬರುವ ಗಿರಣಿ, ಅವರು ಬೆಲ್ಲ ಕೊಳ್ಳುವ ಅಂಗಡಿ. ಎಲ್ಲಕ್ಕೂ ಆರಾರು ಅಕ್ಷರ. ಅದನ್ನು ಒಂದು ಹಾಳೆಯ ಮೇಲೂ ಅಚ್ಚು ಹಾಕಿದೆ. ಅಡಿಯಲ್ಲಿ ಆ ದೂರದ ಪುಣ್ಯಾತ್ಮರ ಮಾತನ್ನೇ ನಮ್ಮ ಭಾಷೆಯಲ್ಲಿ ಬರೆದೆ: ಯಾರು ಬೇಕಾದರೂ ಬಳಸಿ, ತಪ್ಪಿದ್ದರೆ ತಿದ್ದಿ, ಇನ್ನೊಬ್ಬರಿಗೆ ಕೊಡಿ.

ಕೊಟ್ಟರು, ತಿದ್ದಿದರು ಕೂಡ. ಅಕ್ಕನ ಜೊತೆಯ ನರ್ಸುಗಳು ಹಾಳೆಯನ್ನು ಪರ್ಸಿನಲ್ಲಿ ಮಡಚಿಟ್ಟುಕೊಂಡು ತಿರುಗಿ, ಪೆನ್ಸಿಲ್ಲಿನಲ್ಲಿ ಗೀಚಿ ವಾಪಸ್ ಕಳಿಸುತ್ತಿದ್ದರು. ಉಕ್ಕಡಗಾತ್ರಿಯ ಕಡೆಯವರೊಬ್ಬರು ಹೊಳೆಯನ್ನೇ ಹೊಡೆದುಹಾಕಿ ಪಕ್ಕದಲ್ಲಿ ಹೊಸ ಗೆರೆ ಎಳೆದಿದ್ದರು: "ಹೊಳಿ ಇಲ್ಲಿ ಐತ್ರಿ." 'ರಿ' ಸೇರಿಸಿ ನದಿಯನ್ನು ಸರಿಪಡಿಸಿದ ಆ ಹೆಣ್ಣುಮಗಳನ್ನು ನಾನು ಕಂಡವಳಲ್ಲ. ಅವರು ಹೇಳಿದಲ್ಲಿಗೆ ತುಂಗಭದ್ರೆಯನ್ನು ಸರಿಸಿದೆ. ಹರಿಹರದ ಸ್ಟೇಷನ್ನೂ ಕೊನೆಗೆ ದಡ ಸೇರಿತು. ಫ್ಲಾಪಿ ಕೇಳಿಕೊಂಡು ಬಂದವರಿಗೆಲ್ಲ ಕೊಟ್ಟೆ. ಆ ಕೊಡುವುದರಲ್ಲಿ ಇದ್ದ ಸುಖ ತರಗತಿಯಲ್ಲಿ ಕಲಿಸುವಾಗ ನನಗೆ ಎಂದೂ ಸಿಕ್ಕಿರಲಿಲ್ಲ.

ಮರುವರ್ಷದ ಚಳಿಗಾಲ. ಅದೇ ಡಬ್ಬಿ, ಅದೇ ಮೊಪೆಡ್ಡು. ಕವಲಿಗೆ ಬಂದಾಗ ಈ ಸಲ ಬಲದ ದಾರಿಗೆ ಕಂಟಿ ಬಿದ್ದಿತ್ತು, ಅದರ ಮೇಲೆ ಹಳದಿ ಬಟ್ಟೆಯ ಚೂರು. ನಾನು ಇಂಜಿನ್ನು ನಿಲ್ಲಿಸಿ, ಅದನ್ನು ಮುಟ್ಟದೆ, ಕೈ ಮುಗಿದು ಎಡಕ್ಕೆ ತಿರುಗಿದೆ. ಹಿಂದೆ ಕೂತ ಅಕ್ಕ ನಕ್ಕದ್ದು ಬೆನ್ನಿಗೆ ಗೊತ್ತಾಯಿತು.

ಗುಡಾರದ ಮುಂದೆ ಆ ತಾಯಿ ಜೋಳ ಹಸನು ಮಾಡುತ್ತಿದ್ದಳು. ಹೋದ ವರ್ಷದ ಕೂಸು ಮೊರದ ಅಂಚು ಹಿಡಿದು ನಿಂತಿತ್ತು. ಅಕ್ಕನನ್ನು ಕಂಡು ತಾಯಿ, "ಹೋಗು, ನರ್ಸಮ್ಮ ಬಂದ್ಲು," ಎಂದು ಕೈ ಬಿಡಿಸಿದಳು. ಅವನು ಮೊರ ಬಿಟ್ಟ. ತೂರಾಡುತ್ತಾ, ಕೈ ಅಗಲಿಸಿಕೊಂಡು, ಕೊಯ್ದ ಕೂಳೆಗಳ ನಡುವೆ ಎಡಗಾಲು ಬಲಗಾಲು ಎತ್ತೆತ್ತಿ ಹಾಕುತ್ತಾ ಎಂಟು ಹತ್ತು ಹೆಜ್ಜೆ ಬಂದು ಅಕ್ಕನ ಸೀರೆಯ ನೆರಿಗೆಗೆ ಜೋತುಬಿದ್ದ. ಅಕ್ಕ ಅವನನ್ನು ಎತ್ತಿಕೊಂಡು ಎರಡೂ ಕಾಲುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಆಮೇಲೆ ಅಳು ತಡೆಯಲಿಲ್ಲ, ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ.

ನನಗೆ ಏನು ಮಾಡಬೇಕೋ ತಿಳಿಯದೆ ಯಂತ್ರ ತೆಗೆದು ಗುಂಡಿ ಒತ್ತಿದೆ. ಹೆಸರು ಕೇಳಿತು. ಆರಕ್ಷರ ಬರೆದೆ.

ಹೆಣ್ಣುಮಗು ಕಂಬಳಿಯ ಗಂಟಿನ ಮೇಲಿಂದಲೇ ಎಲ್ಲ ನೋಡುತ್ತಿತ್ತು. ಈಗ ಐದರ ಹತ್ತಿರ, ಪಟಪಟ ಮಾತು. "ಏನು ಬರದಿ ಯಕ್ಕ?"

"ನಡೆದ, ಅಂತ," ಎಂದೆ. "ನಿನ್ನ ತಮ್ಮ ಇಲ್ಲಿ ನಡೆದ ಅಂತ."

ಅವಳು ಸ್ವಲ್ಪ ಯೋಚಿಸಿದಳು. "ಹ್ವಾದ ವರ್ಸ ನಾನೂ ಇದ್ರಾಗ ನಡದೀನಿ," ಎಂದಳು. "ನೀನೇ ಹೇಳಿದ್ದಿ. ನಂದೂ ಬರಿ."

ಅಕ್ಕ ತಿರುಗಿ ನೋಡಿದಳು. ತಾಯಿಯ ಕೈಯಲ್ಲಿ ಮೊರ ನಿಂತಿತು. ನಾನು ಅದೇ ಜಾಗದಲ್ಲಿ ಇನ್ನೊಮ್ಮೆ ಗುಂಡಿ ಒತ್ತಿದೆ. ನಡೆದಳು ಎಂಬುದು ಆರಕ್ಷರದಲ್ಲಿ ಹಿಡಿಸಲಿಲ್ಲ, ಹಿಡಿಸಿದಷ್ಟು ಬರೆದೆ. ಆಮೇಲೆ ಯಂತ್ರವನ್ನು ಅವಳ ಕೈಗೆ ಕೊಟ್ಟೆ. ಬಾಲದ ಗದ್ದೆಗೆ ಹೋಗಬೇಕು, ಐಸು ಕರಗುತ್ತದೆ ಎಂದು ಅಕ್ಕ ಕರೆಯುವವರೆಗೂ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಂಟಿನ ಮೇಲೆ ಕೂತೇ ಇದ್ದಳು, ಪರದೆಯ ಮೇಲೆ ನಡೆಯುತ್ತಾ.